ಎದೆಯೊಳಗಿನ ಮಾತು ಯಾರ ಸ್ವತ್ತು?

ಹೃದಯದ ಬಡಿತವು ಮಂದವಾದವರಿಗೆ ವಿದ್ಯುತ್ತಿನ ಸಣ್ಣ ಮಿಡಿತಗಳಿಂದ ತಾಳವನ್ನು ಒದಗಿಸುವ ಪೇಸ್‌ಮೇಕರ್ ಎಂಬ ಸಾಧನವು ನಮ್ಮ ವಾಚಕರಿಗೆ ಅಪರಿಚಿತವಲ್ಲ. ಕೊರಳೆಲುಬಿನ ಕೆಳಗೆ, ಚರ್ಮದ ಅಡಿಯಲ್ಲಿ, ಕಿಸೆಗಡಿಯಾರವನ್ನು ಹೋಲುವ ಒಂದು ಲೋಹದ ಡಬ್ಬಿ. ಅಲ್ಲಿಂದ ರಕ್ತನಾಳದ ಮಾರ್ಗವಾಗಿ ಹೃದಯಕ್ಕೆ ಇಳಿದಿರುವ ಒಂದೋ ಎರಡೋ ತಂತಿಗಳು. ಇಂತಹ ಡಬ್ಬಿಯನ್ನು ಹೊತ್ತು ನೆಮ್ಮದಿಯಿಂದ ಬಾಳುತ್ತಿರುವ ಹಿರಿಯರು ಈಗ ಪ್ರತಿಯೊಂದು ಪಟ್ಟಣದಲ್ಲಿಯೂ ಉಂಟು. ಆದರೆ ಕಳೆದ ಒಂದು ದಶಕದಿಂದ ಈಚೆಗೆ ಡಬ್ಬಿಯೂ ಇಲ್ಲದ, ತಂತಿಯೂ ಇಲ್ಲದ, ಹೃದಯದ ಒಳಗೋಡೆಗೇ ಕಚ್ಚಿಕೊಂಡು ಕುಳಿತಿರುವ ಹೊಸ ಬಗೆಯ ಪೇಸ್‌ಮೇಕರು ಬಳಕೆಗೆ ಬಂದಿದೆ. ಅಂತಹ ಎರಡು ಸಾಧನಗಳು ಒಂದೇ ಎದೆಯಲ್ಲಿದ್ದಾಗ ಅವು ಒಂದರೊಡನೊಂದು ಮಾತನಾಡಬೇಕಾಗುತ್ತದೆ. ಆ ಮಾತನ್ನು ಆಲಿಸುವ ಯಂತ್ರಭಾಗವನ್ನು ರಚಿಸಬಲ್ಲವರು ಯಾರು, ಆ ಮಾತಿನ ಭಾಷೆಯು ಯಾರ ಒಡೆತನದಲ್ಲಿರಬೇಕು ಎಂಬ ಪ್ರಶ್ನೆಯನ್ನು ನಮ್ಮ ಅಧಿಕಾರಿಗಳೂ ಶಾಸಕರೂ ಇದುವರೆಗೆ ತಕ್ಕ ಗಮನದಿಂದ ನೋಡಿದಂತೆ ಕಾಣುವುದಿಲ್ಲ. ಇದು ವೈದ್ಯರಿಗೂ ಇಂಜಿನಿಯರರಿಗೂ ಬಿಟ್ಟು ಕೈತೊಳೆದುಕೊಳ್ಳತಕ್ಕ ವಿಷಯವಲ್ಲವೆಂದು ನಮ್ಮ ಅಭಿಪ್ರಾಯ.

ಪೂರ್ವವೃತ್ತಾಂತವನ್ನು ಸ್ವಲ್ಪ ಹೇಳಬೇಕು. 1958ನೆಯ ಇಸವಿ ಅಕ್ಟೋಬರ್ 8ರಂದು ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗೆ ಜಗತ್ತಿನ ಮೊದಲನೆಯ ಪೇಸ್‌ಮೇಕರನ್ನು ಇರಿಸಲಾಯಿತು. ಅದನ್ನು ರಚಿಸಿದ ಇಂಜಿನಿಯರು ರೂನೆ ಎಲ್ಮ್‌ಕ್ವಿಸ್ಟ್ ಅವರು. ಶಸ್ತ್ರಕ್ರಿಯೆಯನ್ನು ನಡೆಸಿದವರು ಓಕೆ ಸೆನ್ನಿಂಗ್ ಅವರು. ಎರಡು ಟ್ರಾನ್ಸಿಸ್ಟರುಗಳ ಆ ಮಂಡಲವನ್ನು ರಾಳದಲ್ಲಿ ಎರಕ ಹೊಯ್ಯುವುದಕ್ಕೆ ಬೂಟುಪಾಲಿಶಿನ ಡಬ್ಬಿಯೇ ಅಚ್ಚಾಯಿತಂತೆ. ಆ ಮೊದಲ ಸಾಧನವು ಕೆಲವೇ ಗಂಟೆಗಳಲ್ಲಿ ನಿಂತುಹೋಯಿತು. ಆದರೂ ಲಾರ್ಸನ್ ಅವರು ಒಂದರ ಹಿಂದೊಂದರಂತೆ ಇಪ್ಪತ್ತಕ್ಕೂ ಹೆಚ್ಚು ಸಾಧನಗಳನ್ನು ಧರಿಸಿ, ತಮ್ಮ ಇಂಜಿನಿಯರನ್ನೂ ಶಸ್ತ್ರವೈದ್ಯರನ್ನೂ ಮೀರಿ ಬದುಕಿ, 2001ರಲ್ಲಿ 86ನೆಯ ವಯಸ್ಸಿನಲ್ಲಿ ಬೇರೆ ರೋಗದಿಂದ ತೀರಿಕೊಂಡರು. ಅಂದಿನಿಂದ ಇಂದಿನವರೆಗೆ ಈ ಸಾಧನದ ಹೃದಯಭಾಗವು ಎಷ್ಟೋ ಸುಧಾರಿಸಿದರೂ ತಂತಿಯು ಮಾತ್ರ ಅದರ ದುರ್ಬಲ ಅಂಗವಾಗಿಯೇ ಉಳಿಯಿತು. ದಿನಕ್ಕೆ ಒಂದು ಲಕ್ಷ ಸಲ ಬಡಿಯುವ ಹೃದಯದೊಡನೆ ಅದೂ ಬಳುಕಬೇಕು. ಹಾಗೆ ಬಳುಕಿ ಬಳುಕಿ ಕೆಲವೊಮ್ಮೆ ಒಳಗೆ ತುಂಡಾಗುತ್ತದೆ. ಕೆಲವೊಮ್ಮೆ ಅದರ ಹೊದಿಕೆ ಸವೆಯುತ್ತದೆ. ಸೋಂಕು ತಗಲಿದರೆ ವರ್ಷಗಳಿಂದ ನಾಳದ ಗೋಡೆಗೆ ಬೆಸೆದುಕೊಂಡಿರುವ ಅದನ್ನು ಕೀಳುವುದು ಪ್ರಾಣಾಪಾಯದ ಕೆಲಸವಾಗುತ್ತದೆ.

ತಂತಿಯನ್ನೇ ತೊಲಗಿಸುವ ಆಲೋಚನೆಯು 1970ರಷ್ಟು ಹಿಂದೆಯೇ ನಾಯಿಗಳ ಮೇಲಿನ ಪ್ರಯೋಗದಲ್ಲಿ ಮೂಡಿತ್ತು. ಅದಕ್ಕೆ ತಕ್ಕ ಬ್ಯಾಟರಿಯೂ ಚಿಪ್ಪೂ ಒದಗುವುದಕ್ಕೆ ನಾಲ್ಕು ದಶಕಗಳು ಹಿಡಿದವು. 2012ರ ಕೊನೆಯಲ್ಲಿ ನ್ಯಾನೋಸ್ಟಿಮ್ ಎಂಬುದೂ 2013ರ ಕೊನೆಯಲ್ಲಿ ಮೈಕ್ರಾ ಎಂಬುದೂ ಮನುಷ್ಯರಲ್ಲಿ ಮೊದಲು ಅಳವಡಿಸಲ್ಪಟ್ಟವು. ಮೊದಲನೆಯದು ಬ್ಯಾಟರಿಯ ದೋಷದಿಂದ 2016ರಲ್ಲಿ ಹಿಂದೆ ಸರಿಯಿತು. ಎರಡನೆಯದು ಅದೇ ವರ್ಷ ಅಮೆರಿಕದ ಸರಕಾರದ ಅನುಮತಿಯನ್ನು ಪಡೆದು ಬಹು ದೇಶಗಳಲ್ಲಿ ಹರಡಿತು. ಮೈಕ್ರಾ ಸಾಧನದ ಉದ್ದವು ಸುಮಾರು 26 ಮಿಲಿಮೀಟರು, ತೂಕವು ಸುಮಾರು 2 ಗ್ರಾಂ. ದೊಡ್ಡದೊಂದು ಔಷಧದ ಗುಳಿಗೆಯಷ್ಟೇ. ತೊಡೆಯ ಸಂದಿನ ಅಭಿಧಮನಿಯ ಮೂಲಕ ಅದನ್ನು ಹೃದಯಕ್ಕೆ ಒಯ್ದು ಬಿಡುತ್ತಾರೆ. ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿಯೂ ಈ ಚಿಕಿತ್ಸೆಯು ನಡೆಯುತ್ತಿದೆ. ಅದರ ಬೆಲೆಯು ಲಕ್ಷಗಳಲ್ಲಿರುವುದರಿಂದ ಯಾರಿಗೆ ನಡೆಯುತ್ತಿದೆ ಎಂಬುದನ್ನು ಹೇಳಬೇಕಾಗಿಲ್ಲ.

ಒಂಟಿ ಸಾಧನದಿಂದಲೇ ಎಲ್ಲರ ಕಷ್ಟವೂ ಪರಿಹಾರವಾಗುವಂತಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಹೃದಯದಲ್ಲಿ ಮೇಲೆ ಹೃತ್ಕರ್ಣಗಳು, ಕೆಳಗೆ ಹೃತ್ಕುಕ್ಷಿಗಳು. ಮೇಲಿನದು ಮೊದಲು ಕುಗ್ಗಿ ರಕ್ತವನ್ನು ಕೆಳಕ್ಕೆ ತಳ್ಳಬೇಕು. ಸೆಕೆಂಡಿನ ಐದಾರರಲ್ಲೊಂದು ಪಾಲು ಕಳೆದ ಮೇಲೆ ಕೆಳಗಿನದು ಕುಗ್ಗಿ ಅದನ್ನು ದೇಹಕ್ಕೆ ಹರಿಸಬೇಕು. ಒಂದೇ ಒರಳಿನಲ್ಲಿ ಇಬ್ಬರು ಹೆಂಗಸರು ಜೋಡಿ ಒನಕೆ ಹಾಕಿ ಭತ್ತ ಕುಟ್ಟುವುದನ್ನು ನೋಡಿದವರಿಗೆ ಈ ಲೆಕ್ಕವು ಚೆನ್ನಾಗಿ ಅರ್ಥವಾಗುತ್ತದೆ. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಇಳಿಯಬೇಕು. ಹದ ತಪ್ಪಿದರೆ ಒನಕೆಗೆ ಒನಕೆ ತಾಗುತ್ತದೆ. ಹೃದಯದಲ್ಲಿ ಹಾಗಾದಾಗ ಮುಚ್ಚಿದ ಕವಾಟದ ಎದುರಿಗೆ ಹೃತ್ಕರ್ಣವು ಹಿಂಡಿಕೊಳ್ಳುತ್ತದೆ, ರಕ್ತವು ಹಿಮ್ಮೆಟ್ಟುತ್ತದೆ, ರೋಗಿಗೆ ತಲೆ ತಿರುಗುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಹಳೆಯ ಪದ್ಧತಿಯಲ್ಲಿ ಎರಡು ತಂತಿಗಳೂ ಒಂದೇ ಡಬ್ಬಿಗೆ ಸೇರಿದ್ದುದರಿಂದ ಈ ಹೊಂದಾಣಿಕೆಯು ಸುಲಭವಾಗಿತ್ತು. ತಂತಿ ಹೋದ ಮೇಲೆ ಮೇಲಿನ ಸಾಧನದಲ್ಲಿ ನಡೆದದ್ದು ಕೆಳಗಿನದಕ್ಕೆ ತಿಳಿಯುವ ಬಗೆ ಹೇಗೆ?

2020ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಒಂದು ಉಪಾಯವೆಂದರೆ, ಹೃತ್ಕುಕ್ಷಿಯಲ್ಲಿರುವ ಸಾಧನವೇ ಮೇಲಿನ ಭಾಗದ ಅಲುಗಾಟವನ್ನು ಗ್ರಹಿಸಿ ಊಹೆ ಮಾಡುವುದು. ಇದು ಬುದ್ಧಿವಂತಿಕೆಯ ಉಪಾಯವೇ. ಆದರೆ ರೋಗಿಯು ಬಿರಬಿರನೆ ನಡೆಯತೊಡಗಿದರೆ ಆ ಊಹೆಯು ತಪ್ಪತೊಡಗುತ್ತದೆ. ಮೇಲಿನ ಕೋಣೆಯೇ ಸೋಮಾರಿಯಾಗಿದ್ದರೆ ಊಹಿಸುವುದರಿಂದ ಪ್ರಯೋಜನವೂ ಇಲ್ಲ. ಎರಡೂ ಕೋಣೆಗಳಲ್ಲಿ ಒಂದೊಂದು ಸಾಧನವನ್ನಿಟ್ಟು, ಬಡಿತ ಬಡಿತಕ್ಕೂ ಅವು ಸುದ್ದಿಯನ್ನು ವಿನಿಮಯ ಮಾಡಿಕೊಳ್ಳುವಂತೆ ಮಾಡಿದ ಮೊದಲ ಏರ್ಪಾಡು ಅವೇರ್ ಎಂಬುದು. ಅದಕ್ಕೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆಯಿತು. ಅದೇ ವರ್ಷ ಪ್ರಕಟವಾದ ಪರೀಕ್ಷೆಯ ವರದಿಯಂತೆ 300 ಮಂದಿ ರೋಗಿಗಳ ಪೈಕಿ ಶೇಕಡ 98.3 ಮಂದಿಯಲ್ಲಿ ಎರಡು ಸಾಧನಗಳನ್ನೂ ಅಳವಡಿಸಿ ಅವುಗಳ ಸಂಭಾಷಣೆಯನ್ನು ಸ್ಥಾಪಿಸುವುದು ಸಾಧ್ಯವಾಯಿತು. ಅದೇ ವರದಿಯು ಮೊದಲ 90 ದಿನಗಳಲ್ಲಿ ತೊಡಕಿಲ್ಲದೆ ಉಳಿದವರು ಶೇಕಡ 90.3 ಎಂದೂ ಹೇಳಿರುವುದನ್ನು ಮುಚ್ಚಿಡಬೇಕಾಗಿಲ್ಲ. ಹೊಸ ವಿದ್ಯೆಗೆ ಇದು ಸಹಜ.

ಈ ಸಂಭಾಷಣೆಯು ರೇಡಿಯೋ ಅಲೆಗಳಿಂದ ನಡೆಯುವುದಿಲ್ಲವೆಂಬುದು ಸ್ವಾರಸ್ಯದ ಸಂಗತಿ. ರೇಡಿಯೋಗೆ ಅಂಟೆನಾ ಬೇಕು; ಗುಳಿಗೆಯಷ್ಟು ಗಾತ್ರದಲ್ಲಿ ಅದಕ್ಕೆ ಸ್ಥಳವಿಲ್ಲ; ರಕ್ತಮಾಂಸಗಳು ಆ ಅಲೆಗಳನ್ನು ನುಂಗಿಬಿಡುತ್ತವೆ. ಆದುದರಿಂದ ದೇಹವನ್ನೇ ತಂತಿಯನ್ನಾಗಿ ಮಾಡಿಕೊಂಡಿದ್ದಾರೆ. ರಕ್ತವು ಉಪ್ಪುನೀರಿನಂತೆ ವಿದ್ಯುದ್ವಾಹಕ. ಒಂದು ಸಾಧನವು ತನ್ನ ಎರಡು ಧ್ರುವಗಳ ನಡುವೆ, ಹೃದಯದ ಸ್ನಾಯುವನ್ನು ಕೆರಳಿಸಲಾರದಷ್ಟು ಚಿಕ್ಕದಾದ, ಅತಿ ವೇಗದ ಮಿಡಿತಗಳನ್ನು ಬಿಡುತ್ತದೆ. ಕೆಲವು ಅಂಗುಲಗಳಾಚೆ ಇರುವ ಇನ್ನೊಂದು ಅವುಗಳ ಸುಳಿವನ್ನು ಹಿಡಿಯುತ್ತದೆ. ಈ ಮಾತು ಮೈಯಿಂದ ಹೊರಕ್ಕೆ ಬಹಳ ದೂರ ಹೋಗುವುದಿಲ್ಲವಾದುದರಿಂದ ಬೀದಿಯಲ್ಲಿ ನಿಂತವನು ಕದ್ದು ಕೇಳುವ ಭಯವೂ ಕಡಿಮೆ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾನಿಲಯದ ಸಂಶೋಧಕರು ಈ ಮಾರ್ಗವನ್ನು ಹಂದಿಗಳ ಹೃದಯದಲ್ಲಿ ಪ್ರಯೋಗಿಸಿ 2018ರಲ್ಲಿಯೇ ತಮ್ಮ ಫಲಿತಾಂಶವನ್ನು ಎಲ್ಲರೂ ಓದುವಂತೆ ಪ್ರಕಟಿಸಿದರು. ಅಂದರೆ ಮೂಲತತ್ತ್ವವು ಯಾರ ಪೆಟ್ಟಿಗೆಯಲ್ಲಿಯೂ ಬೀಗ ಹಾಕಿ ಇಟ್ಟಿರುವಂತಹದಲ್ಲ.

ಕಷ್ಟವಿರುವುದು ಕಿವಿಯಲ್ಲಿ. ಹೇಳುವವನು ಹೇಳಬೇಕಾದಾಗ ಮಾತ್ರ ಬಾಯಿ ತೆರೆದರೆ ಸಾಕು. ಕೇಳುವವನಿಗಾದರೋ ಮಾತು ಯಾವಾಗ ಬರುವುದೆಂದು ತಿಳಿಯದು. ಈ ಒಂದು ಮಾತಿನ ಹಿಂದೆ ಎಷ್ಟು ಗಣಿತವಿದೆಯೆಂಬುದನ್ನು ವಾಚಕರು ತಾವೇ ಎಣಿಸಿ ನೋಡಬಹುದು. ಮೈಕ್ರಾ ಸಾಧನದ ಬ್ಯಾಟರಿಯ ಸಾಮರ್ಥ್ಯವು ಸುಮಾರು 120 ಮಿಲಿಆಂಪಿಯರ್-ಗಂಟೆ. ನಮ್ಮ ಕಿಸೆಯಲ್ಲಿರುವ ಮೊಬೈಲಿನ ಬ್ಯಾಟರಿಯ ನಲವತ್ತರಲ್ಲಿ ಒಂದು ಪಾಲು. ಮೊಬೈಲನ್ನು ನಾವು ದಿನವೂ ವಿದ್ಯುತ್ತಿಗೆ ಸಿಕ್ಕಿಸುತ್ತೇವೆ. ಇದನ್ನು ಎದೆಯೊಳಗೆ ಇಟ್ಟ ಮೇಲೆ ಮುಗಿಯಿತು. ಹತ್ತು ವರ್ಷಗಳೆಂದರೆ 87,600 ಗಂಟೆಗಳು. ಭಾಗಿಸಿದರೆ ಸಾಧನದ ಸಮಸ್ತ ಸಂಸಾರವೂ ಸುಮಾರು 1.4 ಮೈಕ್ರೋಆಂಪಿಯರಿನಲ್ಲಿ ಸಾಗಬೇಕೆಂದು ತೇಲುತ್ತದೆ. ಮೈಕ್ರೋಆಂಪಿಯರೆಂದರೆ ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇದರಲ್ಲಿ ದೊಡ್ಡ ಪಾಲು ಹೃದಯವನ್ನು ಮಿಡಿಸುವುದಕ್ಕೇ ವೆಚ್ಚವಾಗುತ್ತದೆ. ಅದು ಬಿಡುವಂತಿಲ್ಲದ ಖರ್ಚು. ಉಳಿದುದರಲ್ಲಿ ಹೃದಯದ ಸ್ವಂತ ಬಡಿತವನ್ನು ಗಮನಿಸುವುದು, ಲೆಕ್ಕವಿಡುವುದು, ವೈದ್ಯರಿಗೆ ವರದಿ ಕೊಡುವುದು. ಆಮೇಲೆ ಆಲಿಸುವ ಮಂಡಲಕ್ಕೆ ಸಿಕ್ಕುವುದು ಒಂದು ಮೈಕ್ರೋಆಂಪಿಯರಿನ ಕೆಲವು ಹತ್ತನೆಯ ಪಾಲುಗಳು. ಕಿವಿಗೆ ಸಿಕ್ಕಿಸಿಕೊಂಡು ಹಾಡು ಕೇಳುವ ಯಂತ್ರಗಳಲ್ಲಿರುವ ಬ್ಲೂಟೂತ್ ರೇಡಿಯೋ ಆಲಿಸುವಾಗ ಕೆಲವು ಮಿಲಿಆಂಪಿಯರುಗಳನ್ನು ಬಳಸುತ್ತದೆ. 5 ಮಿಲಿಆಂಪಿಯರೆಂದು ಹಿಡಿದು, ಅದು ಎಡೆಬಿಡದೆ ಆಲಿಸುತ್ತಿದೆಯೆಂದು ಭಾವಿಸಿದರೆ, ಹತ್ತು ವರ್ಷ ಬಾಳಬೇಕಾದ ಆ ಬ್ಯಾಟರಿಯು ಒಂದು ಹಗಲು ಒಂದು ಇರುಳಿನಲ್ಲಿ ಬರಿದಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸಬೇಕಾದ ಇನ್ನೊಂದು ಉದ್ಯೋಗವು ನಮಗೆ ತಿಳಿಯದು.

ಇಷ್ಟು ಬಡತನದಲ್ಲಿಯೂ ಆ ಕಿವಿಯು ಸೂಕ್ಷ್ಮವಾಗಿರಬೇಕು. ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ಬರುವಷ್ಟರಲ್ಲಿ ಸಂಕೇತವು ನೂರಾರು ಪಾಲು, ಒಮ್ಮೊಮ್ಮೆ ಸಾವಿರ ಪಾಲಿಗಿಂತಲೂ ಹೆಚ್ಚು ಕ್ಷೀಣಿಸಿರುತ್ತದೆ. ಹೃದಯವು ಕುಗ್ಗಿ ಹಿಗ್ಗುವಾಗ ಸಾಧನಗಳೂ ತಿರುಗುತ್ತವೆ. ಈ ಬಡಿತದಲ್ಲಿ ಸ್ಫುಟವಾಗಿ ಕೇಳಿಸಿದ್ದು ಮುಂದಿನದರಲ್ಲಿ ಮಸುಕಾಗುತ್ತದೆ. ಹೃದಯದ ಸ್ವಂತ ವಿದ್ಯುತ್ತಿನ ಸದ್ದು ಬೇರೆ. ಪುಣ್ಯವಶಾತ್ ಆ ಸದ್ದು ಮಂದಗತಿಯದು, ಸಂಕೇತವು ಶೀಘ್ರಗತಿಯದು. ಜರಡಿ ಹಿಡಿದು ಬೇರ್ಪಡಿಸಬಹುದು. ಮನೆಯ ನಾಯಿಯ ಉಪಮೆಯಿಂದ ಇಲ್ಲಿಯ ಇಕ್ಕಟ್ಟು ಸ್ಪಷ್ಟವಾಗುತ್ತದೆ. ತರಗೆಲೆ ಬಿದ್ದರೂ ಬೊಗಳುವ ನಾಯಿ ಯಜಮಾನನನ್ನು ರಾತ್ರಿಯೆಲ್ಲಾ ಎಬ್ಬಿಸುತ್ತದೆ. ಮೈಮರೆತು ಮಲಗುವ ನಾಯಿ ಕಳ್ಳನನ್ನು ಒಳಕ್ಕೆ ಬಿಡುತ್ತದೆ. ಆದುದರಿಂದ ಇಂಜಿನಿಯರರು ಸಾಮಾನ್ಯವಾಗಿ ಎರಡು ಹಂತಗಳನ್ನು ಏರ್ಪಡಿಸುತ್ತಾರೆ. ಅತ್ಯಲ್ಪ ಆಹಾರದಲ್ಲಿ ಸದಾ ಎಚ್ಚರವಿರುವ ಪುಟ್ಟ ಕಾವಲು ಮಂಡಲವೊಂದು. ಅದು ಸುಳಿವು ಕೊಟ್ಟಾಗ ಮಾತ್ರ ಕಣ್ತೆರೆದು, ಸುದ್ದಿಯನ್ನು ಓದಿ, ಮರುಕ್ಷಣವೇ ನಿದ್ರೆಗೆ ಹೋಗುವ ದೊಡ್ಡ ಮಂಡಲವು ಇನ್ನೊಂದು. ಒಂದು ಬಡಿತವಾದ ಕೂಡಲೇ ಮತ್ತೊಂದು ಬರಲಾರದಾದುದರಿಂದ ಆ ಅವಧಿಯಲ್ಲಿ ಕಾವಲುಗಾರನಿಗೂ ಚೂರು ವಿಶ್ರಾಂತಿ ಕೊಡಬಹುದು. ಮಾತು ಕೇಳಿಸದೇಹೋದ ಬಡಿತದಲ್ಲಿ ಕೆಳಗಿನ ಸಾಧನವು ಕಾದು ಕೂರದೆ ತಾನೇ ಹೃದಯವನ್ನು ಮಿಡಿಸಲೇಬೇಕು. ಅದರಲ್ಲಿ ತಪ್ಪಿದರೆ ಕ್ಷಮೆಯಿಲ್ಲ.

ಇಷ್ಟು ಮಿತವ್ಯಯವನ್ನು ಟ್ರಾನ್ಸಿಸ್ಟರುಗಳಿಗೆ ಕಲಿಸಿದವರು ಯಾರು? ವೈದ್ಯರಲ್ಲ, ಗಡಿಯಾರದವರು. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಊರಿನಲ್ಲಿ ಅಲ್ಲಿನ ಗಡಿಯಾರ ಉದ್ಯಮಿಗಳು ಸೇರಿ ನಡೆಸುತ್ತಿದ್ದ ಪ್ರಯೋಗಾಲಯವು 1967ರಲ್ಲಿ ಸ್ಫಟಿಕದ ಕೈಗಡಿಯಾರವನ್ನು ಸಿದ್ಧಪಡಿಸಿತು. ಗುಂಡಿಯಷ್ಟು ಬ್ಯಾಟರಿಯಲ್ಲಿ ಅದು ವರ್ಷಕಾಲ ನಡೆಯಬೇಕಾಗಿತ್ತು. ಸಾಮಾನ್ಯವಾಗಿ ಟ್ರಾನ್ಸಿಸ್ಟರು 'ಆರಿದೆ' ಎಂದು ನಾವು ಭಾವಿಸುವ ಸ್ಥಿತಿಯಲ್ಲಿಯೂ ಅದರಲ್ಲಿ ಒಂದು ಸೂಕ್ಷ್ಮ ಪ್ರವಾಹವು ಜಿನುಗುತ್ತಿರುತ್ತದೆ. ಆ ಜಿನುಗಿನಿಂದಲೇ ಕೆಲಸವನ್ನು ತೆಗೆಯಬಹುದೆಂದು ಅಲ್ಲಿಯ ಎರಿಕ್ ವಿಟ್ಟೋಜ್ ಅವರೂ ಅವರ ಸಹೋದ್ಯೋಗಿಯೂ 1977ರ ಲೇಖನದಲ್ಲಿ ತೋರಿಸಿಕೊಟ್ಟರು. ಈ ರೀತಿಯ ಮಂಡಲವು ಶೀತೋಷ್ಣದ ವ್ಯತ್ಯಾಸಕ್ಕೆ ಬಹುಬೇಗ ದಾರಿ ತಪ್ಪುತ್ತದೆ. ಎದೆಯೊಳಗಾದರೋ ಬೇಸಿಗೆಯೂ ಇಲ್ಲ, ಚಳಿಗಾಲವೂ ಇಲ್ಲ. ಸದಾ 37 ಡಿಗ್ರಿಯ ಆಸುಪಾಸು. ದೇಹವೇ ತನ್ನ ಯಂತ್ರಕ್ಕೆ ಮಾಡುವ ಈ ಉಪಕಾರವನ್ನು ನೆನೆದು ನಮಗೆ ಸಂತೋಷವಾಯಿತು.

ಗಡಿಯಾರದ ಮಾತು ಬಂದಾಗ ಬೆಂಗಳೂರಿನವರು ಸುಮ್ಮನಿರಲಾಗುವುದಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯು ಇಲ್ಲಿಯೇ ಹುಟ್ಟಿತು. ಮದುವೆಯಾಗುವ ವರನಿಗೂ ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗನಿಗೂ ಅದೇ ಉಡುಗೊರೆ. 2016ರಲ್ಲಿ ಕೇಂದ್ರ ಸರಕಾರವು ಆ ಗಡಿಯಾರದ ಘಟಕಗಳನ್ನು ಮುಚ್ಚುವುದಕ್ಕೆ ಸಮ್ಮತಿಸಿತು. ನಷ್ಟದ ಕಾರ್ಖಾನೆಯನ್ನು ನಡೆಸಬೇಕಾಗಿತ್ತೆಂದು ನಾವು ವಾದಿಸುವುದಿಲ್ಲ. ನಮ್ಮ ದೂರು ಬೇರೆ. ಸ್ವಿಸ್ ಜನರು ಗಡಿಯಾರವನ್ನು ಒಂದು ಪಾಠಶಾಲೆಯೆಂದು ಕಂಡರು. ಅಲ್ಲಿ ಕಲಿತದ್ದು ಕಿವುಡರ ಶ್ರವಣಯಂತ್ರಕ್ಕೂ ರೋಗಿಯ ಪೇಸ್‌ಮೇಕರಿಗೂ ಹರಿಯಿತು. ನಾವು ಅದನ್ನು ಮಾರಾಟದ ಸರಕೆಂದು ಕಂಡೆವು. ಸರಕು ನಿಂತಾಗ ಎಲ್ಲವೂ ನಿಂತಿತು.

ಈಗಲೂ ಕಾಲ ಮೀರಿಲ್ಲವೆಂಬುದಕ್ಕೆ ಬಲವಾದ ಕಾರಣವಿದೆ. ಕಂಪ್ಯೂಟರಿನ ಮತ್ತು ಮೊಬೈಲಿನ ಚಿಪ್ಪುಗಳಿಗೆ ಕೆಲವೇ ನ್ಯಾನೋಮೀಟರುಗಳ ಅತಿ ಸೂಕ್ಷ್ಮ ಟ್ರಾನ್ಸಿಸ್ಟರುಗಳು ಬೇಕು. ಅವನ್ನು ಮಾಡುವ ಕಾರ್ಖಾನೆಗೆ ಸಹಸ್ರಾರು ಕೋಟಿ ರೂಪಾಯಿಗಳು ಬೇಕು. ನಮ್ಮ ಈ ಕಿವಿಗೆ ಅಂತಹ ಸೂಕ್ಷ್ಮತೆಯು ಗುಣವಲ್ಲ, ದೋಷವೇ ಸರಿ. ಏಕೆಂದರೆ ಟ್ರಾನ್ಸಿಸ್ಟರು ಚಿಕ್ಕದಾದಷ್ಟೂ ಸುಮ್ಮನಿರುವಾಗಿನ ಅದರ ಸೋರಿಕೆ ಹೆಚ್ಚು. ಹಳೆಯ ತಲೆಮಾರಿನ 180 ನ್ಯಾನೋಮೀಟರಿನ ಪದ್ಧತಿಯು ಇಂತಹ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಆ ಪದ್ಧತಿಯ ಸರಕಾರೀ ಕಾರ್ಖಾನೆಯು ಪಂಜಾಬಿನ ಮೊಹಾಲಿಯಲ್ಲಿದೆ. 1989ರ ಬೆಂಕಿಯಲ್ಲಿ ಸುಟ್ಟುಹೋಗಿ, ವರ್ಷಗಟ್ಟಲೆ ತಡೆದು, ಮತ್ತೆ ಎದ್ದುನಿಂತ ಆ ಕಾರ್ಖಾನೆಯನ್ನು 'ಹಿಂದುಳಿದದ್ದು' ಎಂದು ಹಳಿಯುವವರು ಬಹಳ ಮಂದಿ. ವಿದ್ಯಾರ್ಥಿಗಳು ರಚಿಸಿದ ಚಿಪ್ಪುಗಳು ಅಲ್ಲಿ ಈಗ ತಯಾರಾಗುತ್ತಿವೆ. ಚಿಪ್ಪಿನ ನಕ್ಷೆ ಬರೆಯುವ ಇಂಜಿನಿಯರರಿಗೂ ನಮ್ಮಲ್ಲಿ ಬರವಿಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿಗೆ ಬಂದಂದಿನಿಂದ ನಲವತ್ತು ವರ್ಷಗಳ ಕಾಲ ನಮ್ಮ ಮಕ್ಕಳು ಪರರ ಹೊಲದಲ್ಲಿ ಉಳುವುದನ್ನು ಚೆನ್ನಾಗಿ ಕಲಿತಿದ್ದಾರೆ. ರೇಡಿಯೋ ಸಂಕೇತವನ್ನು ಹಿಡಿಯುವ ಗೆಲೀನ ಸ್ಫಟಿಕದ ಗ್ರಾಹಕಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟು ದೊರೆತದ್ದು ಕಲ್ಕತ್ತೆಯ ಜಗದೀಶಚಂದ್ರ ಬೋಸರಿಗೆ ಎಂಬುದನ್ನೂ, ಆ ಪೇಟೆಂಟಿನಿಂದ ಲಾಭ ಮಾಡಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲವೆಂಬುದನ್ನೂ ಇಲ್ಲಿ ನೆನೆದರೆ ಅಪ್ರಸ್ತುತವಾಗಲಾರದು.

ಈಗ ಭಾಷೆಯ ಒಡೆತನದ ಪ್ರಶ್ನೆಗೆ ಬರೋಣ. ತಂತಿಯ ಕಾಲದಲ್ಲಿಯೂ ಇಂತಹದೇ ಒಂದು ಕಲಹವಿತ್ತು. ಪ್ರತಿಯೊಬ್ಬ ತಯಾರಕನೂ ತನ್ನ ತಂತಿಯ ತುದಿಗೆ ತನ್ನದೇ ಆದ ಅಳತೆಯನ್ನು ಇಟ್ಟಿದ್ದನು. ಒಬ್ಬನ ಡಬ್ಬಿಯ ಬ್ಯಾಟರಿ ತೀರಿದಾಗ ಇನ್ನೊಬ್ಬನ ಡಬ್ಬಿಯನ್ನು ಹಾಕಬೇಕೆಂದರೆ ಹಳೆಯ ತಂತಿಯು ಹೊಸ ರಂಧ್ರದಲ್ಲಿ ಕೂರುತ್ತಿರಲಿಲ್ಲ. ನಡುವೆ ಜೋಡಣೆಯ ತುಂಡುಗಳನ್ನು ಸೇರಿಸುವ ಪಾಡು ಶಸ್ತ್ರವೈದ್ಯನದು. ಕೊನೆಗೆ ತಯಾರಕರೂ ವೈದ್ಯರೂ ಒಟ್ಟಿಗೆ ಕುಳಿತು ಐಎಸ್-1 ಎಂಬ ಒಂದೇ ಅಳತೆಯನ್ನು ಒಪ್ಪಿಕೊಂಡರು. ಅದು 1992ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾಯಿತು. ಅಂದಿನಿಂದ ಯಾವ ಸಂಸ್ಥೆಯ ತಂತಿಯಾದರೂ ಯಾವ ಸಂಸ್ಥೆಯ ಡಬ್ಬಿಗಾದರೂ ಸೇರುತ್ತದೆ. ಇದರಿಂದ ಯಾವ ತಯಾರಕನೂ ದಿವಾಳಿಯಾದನೆಂದು ನಾವು ಕೇಳಿಲ್ಲ. ತಂತಿ ಹೋದಾಗ ಅದರೊಡನೆ ಈ ಒಡಂಬಡಿಕೆಯೂ ಹೋಯಿತು. ತಂತಿಯ ಸ್ಥಾನದಲ್ಲಿ ಬಂದಿರುವ ಸಂಕೇತವು ಎಷ್ಟು ವೇಗದ್ದು, ಎಷ್ಟು ಬಲದ್ದು, ಯಾವ ಮಿಡಿತಕ್ಕೆ ಯಾವ ಅರ್ಥ, ಇವೆಲ್ಲವೂ ತಯಾರಕನ ಖಾಸಗಿ ಸೊತ್ತು.

ಇದರ ಪರಿಣಾಮವನ್ನು ಒಬ್ಬ ವ್ಯಕ್ತಿಯ ದೃಷ್ಟಿಯಿಂದ ಊಹಿಸಿ ನೋಡೋಣ. ಹಾವೇರಿಯಲ್ಲಿ ಒಬ್ಬ ನಿವೃತ್ತ ಉಪಾಧ್ಯಾಯರು ಇದ್ದಾರೆನ್ನೋಣ. ಮಕ್ಕಳು ಸಾಲ ಮಾಡಿ ಅವರ ಹೃತ್ಕುಕ್ಷಿಯಲ್ಲಿ ಒಂದು ತಂತಿರಹಿತ ಸಾಧನವನ್ನು ಇರಿಸಿದರು. ನಾಲ್ಕು ವರ್ಷಗಳ ಮೇಲೆ ಹೃತ್ಕರ್ಣಕ್ಕೂ ಒಂದು ಬೇಕಾಯಿತು. ಆ ಹೊತ್ತಿಗೆ ಬೇರೆ ಸಂಸ್ಥೆಯೊಂದು, ನಮ್ಮ ಸುದೈವವಿದ್ದರೆ ಸ್ವದೇಶದ ಸಂಸ್ಥೆಯೇ, ಅರ್ಧ ಬೆಲೆಗೆ ಅಂತಹದನ್ನು ಮಾಡುತ್ತಿದ್ದರೂ ಅದು ಇವರಿಗೆ ಒದಗುವುದಿಲ್ಲ. ಎದೆಯೊಳಗೆ ಮೊದಲೇ ಕುಳಿತಿರುವ ಸಾಧನಕ್ಕೆ ಅದರ ಮಾತು ತಿಳಿಯದು. ಮೊದಲನೆಯ ಸಂಸ್ಥೆಯು ಹೇಳಿದ್ದೇ ಬೆಲೆ. ಆ ಸಂಸ್ಥೆಯು ವ್ಯಾಪಾರವನ್ನೇ ನಿಲ್ಲಿಸಿದರೆ? ಮೊದಲ ತಂತಿರಹಿತ ಸಾಧನವು ಮಾರುಕಟ್ಟೆಯಿಂದ ಸರಿದುಹೋದ ಕಥೆಯನ್ನು ಮೇಲೆಯೇ ಹೇಳಿದ್ದೇವೆ. ಒಳಗೆ ಹಲವು ವರ್ಷ ಇದ್ದು ಮಾಂಸದಲ್ಲಿ ಹುದುಗಿದ ಸಾಧನವನ್ನು ಕೀಳುವುದು, ಪಾದರಕ್ಷೆ ಬದಲಾಯಿಸಿದಂತಲ್ಲ. ಒಬ್ಬ ಮನುಷ್ಯನು ತನ್ನ ಹೃದಯದ ಎರಡು ಕೋಣೆಗಳ ನಡುವಿನ ಮಾತಿಗೆ ಆಜೀವ ಪರ್ಯಂತ ಒಂದು ಅಂಗಡಿಗೆ ಕಂದಾಯ ಕಟ್ಟಬೇಕೆಂಬುದನ್ನು ಸ್ವತಂತ್ರ ದೇಶದ ಸರಕಾರವು ಕೈಕಟ್ಟಿ ನೋಡುತ್ತಿರಬೇಕೇ?

ಇದಕ್ಕೆ ಆಕ್ಷೇಪಗಳು ಬರುವುದು ಸಹಜ. ಕೋಟಿಗಟ್ಟಲೆ ಹಣ ಸುರಿದು ಸಂಶೋಧನೆ ಮಾಡಿದವನು ತನ್ನ ರಹಸ್ಯವನ್ನು ಏಕೆ ಬಿಟ್ಟುಕೊಡಬೇಕೆಂದು ಕೇಳುವವರಿದ್ದಾರೆ. ಮಂಡಲದ ಒಳರಚನೆಯನ್ನು ಬಿಟ್ಟುಕೊಡೆಂದು ನಾವು ಕೇಳುತ್ತಿಲ್ಲ. ಐಎಸ್-1 ಎಂಬುದು ರಂಧ್ರದ ಅಳತೆಯನ್ನು ನಿಶ್ಚಯಿಸಿತೇ ಹೊರತು ಡಬ್ಬಿಯನ್ನು ಬಿಚ್ಚಿ ತೋರಿಸೆನ್ನಲಿಲ್ಲ. ಯಾರ ಕಿವಿ ಹೆಚ್ಚು ಸೂಕ್ಷ್ಮ, ಯಾರದು ಕಡಿಮೆ ಉಣ್ಣುತ್ತದೆ ಎಂಬುದರಲ್ಲಿ ಸ್ಪರ್ಧೆ ನಡೆಯಲಿ. ಭಾಷೆಯು ಬಹಿರಂಗವಾದರೆ ದುಷ್ಟರು ಹೃದಯಕ್ಕೆ ಸುಳ್ಳು ಸುದ್ದಿ ಕಳುಹಿಸಬಹುದೆಂಬುದು ಇನ್ನೊಂದು ಆಕ್ಷೇಪ. ಬೀಗದ ರಚನೆಯು ಎಲ್ಲರಿಗೂ ತಿಳಿದಿದ್ದರೂ ಕೀಲಿಕೈಯು ಒಡೆಯನಲ್ಲಿಯೇ ಇರುವಂತೆ ಮಾಡಬಹುದೆಂಬುದು ಸಂಕೇತಶಾಸ್ತ್ರದಲ್ಲಿ ಹಳೆಯ ಮಾತು. ಆದರೆ ಇಷ್ಟು ಸಣ್ಣ ಬ್ಯಾಟರಿಯಲ್ಲಿ ಆ ಕೀಲಿಯನ್ನು ತಿರುಗಿಸುವುದಕ್ಕೂ ವಿದ್ಯುತ್ತು ಬೇಕು. ಸಂಶೋಧನೆಗೆ ಇಲ್ಲಿ ಸಾಕಷ್ಟು ಎಡೆಯಿದೆ. ಮೂರನೆಯ ಆಕ್ಷೇಪವು ಇವೆರಡಕ್ಕಿಂತ ಗಂಭೀರವಾದುದು. ಇಬ್ಬರು ತಯಾರಕರ ಸಾಧನಗಳು ಒಂದೇ ಎದೆಯಲ್ಲಿದ್ದು, ಒಂದು ರಾತ್ರಿ ಅವುಗಳ ಹೊಂದಾಣಿಕೆ ತಪ್ಪಿದರೆ ಹೊಣೆ ಯಾರದು? ಇದಕ್ಕೆ ನಮ್ಮಲ್ಲಿ ಸಿದ್ಧವಾದ ಉತ್ತರವಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ತಂತಿಯ ವಿಷಯದಲ್ಲಿ ವರ್ಷಗಟ್ಟಲೆ ಪರೀಕ್ಷೆಗಳನ್ನು ನಡೆಸಿ ಆ ಹೊಣೆಯನ್ನು ಹಂಚಿದಂತೆ ಇದನ್ನೂ ಹಂಚಬೇಕಾಗುತ್ತದೆ. ಈಗ ಪ್ರಾರಂಭಿಸಿದರೆ ಮುಂದಿನ ದಶಕದಲ್ಲಿ ಮುಗಿಯಬಹುದು.

ತಾಲ್ಲೂಕು ಆಸ್ಪತ್ರೆಯಲ್ಲಿ ಹೃದಯದ ವೈದ್ಯರೇ ಇಲ್ಲದ ದೇಶಕ್ಕೆ ಈ ಚಿನ್ನದ ಕೆಲಸ ಏತಕ್ಕೆ ಎಂದು ಕೆಲವರು ಮೂಗು ಮುರಿಯಬಹುದು. ಇದೇ ಮಾತನ್ನು ಹೃದಯದ ಕೃತಕ ಕವಾಟದ ವಿಷಯದಲ್ಲಿಯೂ ಆಡಿದ್ದರು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾಕ್ಟರ್ ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ಮೊದಲ ಮಾದರಿಗಳು ಒಂದರ ಮೇಲೊಂದು ವಿಫಲವಾದವು. ಅವರು ಬಿಡಲಿಲ್ಲ. 1990ರ ಡಿಸೆಂಬರಿನಲ್ಲಿ ಸ್ವದೇಶೀ ಕವಾಟವು ಮೊದಲ ರೋಗಿಯ ಹೃದಯವನ್ನು ಸೇರಿತು. ಇಂದು ಲಕ್ಷಕ್ಕೂ ಮಿಕ್ಕಿದ ಜನರಿಗೆ ಅದನ್ನು ಅಳವಡಿಸಲಾಗಿದೆ. ಆ ಮಹನೀಯರೇ ಮುಂದೆ ನಮ್ಮ ಮಣಿಪಾಲದ ಉನ್ನತ ಶಿಕ್ಷಣ ಸಂಸ್ಥೆಯ ಮೊದಲ ಕುಲಪತಿಗಳಾಗಿದ್ದರು. ತಂತಿಯುಳ್ಳ ಪೇಸ್‌ಮೇಕರುಗಳನ್ನು ಮಧ್ಯಪ್ರದೇಶದ ಪೀತಂಪುರದಲ್ಲಿ ಒಂದು ಸ್ವದೇಶೀ ಸಂಸ್ಥೆಯು ಬಹುಕಾಲದಿಂದ ತಯಾರಿಸುತ್ತಿದೆ. ಹೀಗಿರುವಾಗ ನಾವು ಕೇಳುತ್ತಿರುವುದು ಚಂದ್ರಲೋಕದ ವಸ್ತುವೇನಲ್ಲ.

2023ರ ಏಪ್ರಿಲಿನಲ್ಲಿ ಕೇಂದ್ರ ಮಂತ್ರಿಮಂಡಲವು ರಾಷ್ಟ್ರೀಯ ವೈದ್ಯಕೀಯ ಸಾಧನ ನೀತಿಯನ್ನು ಅಂಗೀಕರಿಸಿತು. ನೀತಿಯ ಕಾಗದದಲ್ಲಿ ಸ್ವಾವಲಂಬನೆಯ ಮಾತು ಬೇಕಾದಷ್ಟಿದೆ. ಅದನ್ನು ಒಂದು ನಿರ್ದಿಷ್ಟ ಕೆಲಸಕ್ಕೆ ಇಳಿಸುವುದಾದರೆ ಈ ಕಿವಿಯೇ ತಕ್ಕ ಕೆಲಸವೆಂದು ನಮ್ಮ ಸೂಚನೆ. ಭಾರತೀಯ ವಿಜ್ಞಾನ ಸಂಸ್ಥೆಯಂತಹ ಕಡೆ ಮಂಡಲದ ನಕ್ಷೆ, ಮೊಹಾಲಿಯಲ್ಲಿ ಚಿಪ್ಪು, ಶ್ರೀ ಚಿತ್ರಾ ಸಂಸ್ಥೆಯಲ್ಲಿ ಪ್ರಾಣಿಗಳ ಮೇಲಿನ ಪರೀಕ್ಷೆ; ಮೂರಕ್ಕೂ ಒಂದೇ ಆಯವ್ಯಯ, ಒಬ್ಬನೇ ಹೊಣೆಗಾರ ಅಧಿಕಾರಿ, ಫಲಿತಾಂಶವೆಲ್ಲವೂ ಬಹಿರಂಗ. ಅಲ್ಲಿಂದ ಹೊರಬೀಳುವ ಮೊದಲ ಕಿವಿಯು ಮಂದಗಿವಿಯಾಗಿದ್ದರೂ ಚಿಂತೆಯಿಲ್ಲ. ಭಾರತೀಯ ಮಾನಕ ಬ್ಯೂರೋವು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಸದಸ್ಯ. ಸಂಕೇತದ ಸಾಮಾನ್ಯ ಭಾಷೆಯೊಂದನ್ನು ಗೊತ್ತುಪಡಿಸಬೇಕೆಂಬ ಪ್ರಸ್ತಾಪವನ್ನು ಮಂಡಿಸುವ ಹಕ್ಕು ಅದಕ್ಕೆ ಇಂದೇ ಇದೆ. ಆದರೆ ಒಂದು ಕಿವಿಯನ್ನಾದರೂ ಸ್ವತಃ ಮಾಡಿ ನೋಡದವನು ಆ ಮೇಜಿನ ಸುತ್ತ ಕುಳಿತರೆ ಉಳಿದವರು ಹೇಳಿದ್ದಕ್ಕೆ ತಲೆಯಾಡಿಸುವುದೇ ಗತಿ. ದೇಹದ ಮೇಲೆ ಧರಿಸುವ ಸಾಧನಗಳಿಗಾಗಿ ಮೈಯನ್ನೇ ವಾಹಕವನ್ನಾಗಿ ಬಳಸುವ ಒಂದು ಸಾಮಾನ್ಯ ಭಾಷೆಯನ್ನು ಅಮೆರಿಕದ ವಿದ್ಯುತ್ ಇಂಜಿನಿಯರರ ಸಂಘವು 2012ರಲ್ಲಿಯೇ ಪ್ರಕಟಿಸಿದೆ. ಹೃದಯದ ಬಡತನಕ್ಕೆ ಅದು ತೀರ ದುಬಾರಿಯ ಭಾಷೆ. ಆದರೂ ಒಡಂಬಡಿಕೆಯು ಅಸಾಧ್ಯವಲ್ಲವೆಂಬುದಕ್ಕೆ ಸಾಕ್ಷಿ.

ಕೊಳ್ಳುವವರ ಕೈಯಲ್ಲಿಯೂ ಒಂದು ಅಧಿಕಾರವಿದೆ. ಆಯುಷ್ಮಾನ್ ಭಾರತ ಯೋಜನೆಯಲ್ಲಿ ಪೇಸ್‌ಮೇಕರಿನ ಚಿಕಿತ್ಸೆಗೆ ಸರಕಾರವು ಹಣ ಕೊಡುತ್ತದೆ. ರಾಜ್ಯದ ಹೃದ್ರೋಗ ಆಸ್ಪತ್ರೆಗಳು ಟೆಂಡರು ಕರೆದು ಸಾಧನಗಳನ್ನು ಕೊಳ್ಳುತ್ತವೆ. ಎರಡು ಕೋಣೆಯ ತಂತಿರಹಿತ ಸಾಧನಗಳನ್ನು ಸಾರ್ವಜನಿಕ ಹಣದಿಂದ ಕೊಳ್ಳುವ ದಿನವು ಬರುವುದಕ್ಕೆ ಮುಂಚೆಯೇ ಟೆಂಡರಿನ ಷರತ್ತುಗಳಲ್ಲಿ ಒಂದು ಸಾಲನ್ನು ಸೇರಿಸಲಿ: ತಯಾರಕನು ತನ್ನ ಸಾಧನದ ಸಂಕೇತಭಾಷೆಯ ಪೂರ್ಣ ವಿವರವನ್ನು ಮಾನಕ ಬ್ಯೂರೋದಲ್ಲಿ ಠೇವಣಿ ಇಡತಕ್ಕದ್ದು, ಅವನು ಆ ಸಾಧನದ ತಯಾರಿಕೆಯನ್ನು ನಿಲ್ಲಿಸಿದ ದಿನ ಆ ವಿವರವು ಸಾರ್ವಜನಿಕ ಸ್ವತ್ತಾಗತಕ್ಕದ್ದು. ಕರ್ನಾಟಕದ ಆರೋಗ್ಯ ಇಲಾಖೆಯು ಈ ಸಾಲನ್ನು ಬರೆಯುವುದಕ್ಕೆ ದೆಹಲಿಯ ಅಪ್ಪಣೆಗಾಗಿ ಕಾಯಬೇಕಾದ ಕಾರಣವು ನಮಗೆ ಕಾಣುವುದಿಲ್ಲ.